ತೆಗೆದುಹಾಕಿದ ಸುದ್ದಿ

ನನ್ನ ಮೊಮ್ಮಗಳ ಬಾಯಿ ಮುಚ್ಚಿಸಿದ್ದು ಸರ್ಕಾರವಲ್ಲ, ಅವಳ ಅಪ್ಪ. ಮಹಾರಾಷ್ಟ್ರದ ಗಡಿಯ ನಮ್ಮ ಉಮರ್ಗಾದಲ್ಲಿ ಮೊಬೈಲಿನಲ್ಲೇ ಸುದ್ದಿ ಮಾಡುವ ಆಕೆ, ಬೇರೆ ಬೇರೆ ದೇಶಗಳ ಪತ್ರಕರ್ತರ ಜೊತೆ ಪರದೇಶದಲ್ಲಿ ತರಬೇತಿ ಮುಗಿಸಿ ಬಂದಿದ್ದಳು. ಬಂದವಳೇ, ಸಕ್ಕರೆ ಕಾರ್ಖಾನೆಯ ಹೊಲಸು ನೀರು ನಮ್ಮ ಹೊಲದ ಬಾವಿಗೆ ಇಳಿದದ್ದನ್ನು ವಿಡಿಯೊ ಮಾಡಿ ಹಾಕಿದಳು. ಸಂಜೆಗೆ ನನ್ನ ಮಗನಿಗೆ ಕಾರ್ಖಾನೆಯಿಂದ ಫೋನು ಬಂತು.

“ಅದನ್ನ ತೆಗಿ. ಇಲ್ಲಂದ್ರ ನಮ್ಮ ಕಬ್ಬು ಕಡೀಲಾಕ ಕಾರ್ಖಾನಿಯವ್ರು ಆಳು ಕಳಸಂಗಿಲ್ಲಂತ,” ಎಂದ ಅವನು ಮಗಳಿಗೆ.

“ಹೆದರಬ್ಯಾಡ್ರಿ ಅಂತ ಅಲ್ಲಿ ತರಬೇತ್ಯಾಗ ಎಲ್ಲಾರ ಮುಂದ ಭಾಷಣ ಮಾಡಿ ಬಂದೀನಿ, ಅಪ್ಪಾ.”

“ಅಲ್ಲಿ ನಿನ್ನ ಕಬ್ಬು ಇತ್ತೇನು?”

ಆಕೆ ವಿಡಿಯೊ ತೆಗೆದುಹಾಕಿ, ಉಣ್ಣದೆ ಮಲಗಿದಳು.

ಮರುದಿನ ಬೆಳಗ್ಗೆ ನಾನು ಆ ಬಾವಿಯ ಕಪ್ಪು ನೀರನ್ನೇ ತಂಬಿಗೆಯಲ್ಲಿ ತಂದು, ಮಗ ಲಿಂಗಪೂಜೆಗೆ ಕೂತಾಗ ಅವನ ಮುಂದಿಟ್ಟೆ.