ಅಮಾವಾಸ್ಯೆಯ ವಿಮಾನ

ಬೆಳಕು ಹರಿಯುವ ಮುನ್ನವೇ ಹೈದರಾಬಾದಿನ ಕೂಕಟ್‌ಪಲ್ಲಿಯ ಮೆಟ್ರೊ ಕಂಬಗಳ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಒಲೆಯ ಮುಂದೆ ಕೂತವರು ಪಾರ್ವತೆಮ್ಮ. ಓಣಿಯ ಹೆಂಗಸರು ಗಾರೆ ಕೆಲಸಕ್ಕೆ ಹೊರಡುವ ಮೊದಲು ಬಂದು, ಮನೆಯ ಜೋಳದ ಹಿಟ್ಟಿನಲ್ಲಿ ಒಂದೊಂದು ಹಿಡಿ ಅವರ ಬುಟ್ಟಿಗೆ ಸುರಿದು ಹೋಗುತ್ತಾರೆ. ಆ ಹಿಟ್ಟಿನ ರೊಟ್ಟಿಯನ್ನು ಓಣಿಯವರು ಯಾರೂ ತಿನ್ನುವಂತಿಲ್ಲ. ಅದು ಐಟಿ ಕಂಪನಿಗಳಿರುವ ಮಾದಾಪುರದ ಹಾಸ್ಟೆಲ್ಲುಗಳಿಗೆ. ಊರಲ್ಲಿ ರೊಟ್ಟಿ ಕಂಡರೆ ಮೂಗು ಮುರಿಯುತ್ತಿದ್ದ ಮಕ್ಕಳೇ ಇಲ್ಲಿ ಡಯಟ್ ಎಂದು ದುಡ್ಡು ಕೊಟ್ಟು ತಿನ್ನುತ್ತಾರೆ.

ಆ ದುಡ್ಡು ಹೋಗುವುದು ವಿಮಾನದ ಟಿಕೆಟ್ಟಿಗೆ. ಯಾದಗಿರಿ, ರಾಯಚೂರಿನಿಂದ ಹೈದರಾಬಾದಿಗೆ ದುಡಿಯಲು ಬಂದವರಲ್ಲಿ ಕೆಲವರು ಏಜೆಂಟರ ಮಾತಿಗೆ ಮರುಳಾಗಿ ಗಲ್ಫಿಗೆ ಹಾರುತ್ತಾರೆ. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ವೀಸಾ ಮುಗಿದು, ಪೊಲೀಸರ ಕೈಗೆ ಸಿಕ್ಕರೆ ವಲಸಿಗರ ಬಂಧನ ಕೇಂದ್ರವೇ ಗತಿ. ರಾಯಭಾರ ಕಚೇರಿಯಿಂದ ಊರಿಗೆ ಮರಳುವ ತಾತ್ಕಾಲಿಕ ಕಾಗದ ಸಿಕ್ಕರೂ ಟಿಕೆಟ್ ತಾವೇ ಹೊಂದಿಸಬೇಕು. ಕಾಗದದ ಗಡುವು ಮೀರಿದರೆ ಮತ್ತೆ ಮೊದಲಿಂದ. ಕಳ್ಳನಿಗಾದರೂ ತನ್ನ ಶಿಕ್ಷೆ ಮುಗಿಯುವ ದಿನ ಗೊತ್ತಿರುತ್ತದೆ, ಇವರಿಗೆ ಅದೂ ಇಲ್ಲ.

ಇಲ್ಲಿಯವರೆಗೆ ಎಷ್ಟು ಜನರನ್ನು ಕರೆಸಿದ್ದೀರಿ ಎಂದರೆ ಪಾರ್ವತೆಮ್ಮನಿಗೆ ಸಿಟ್ಟು ಬರುತ್ತದೆ. "ಬಂದವ್ರನ್ನ ಎಣಿಸಿ ಏನ್ ಮಾಡೂದೈತ್ರಿ? ಉಳಿದವ್ರು ಇನ್ನಾ ಒಳಗ ಅದಾರ. ಮೊದಲ ನನ್ನ ತಮ್ಮನ ಸಲುವಾಗಿ ಹಿಟ್ಟು ಬೇಡಿದ್ದೆ. ಆಮ್ಯಾಗ ಒಲಿ ಆರಿಸಾಕ ಮನಸು ಬರ್ಲಿಲ್ಲ."

ಆ ತಮ್ಮ ಹುಸೇನಪ್ಪ ಈಗ ಪಕ್ಕದಲ್ಲೇ ಕೂತು ರೊಟ್ಟಿ ಜೋಡಿಸುತ್ತಿದ್ದಾರೆ. ಅಂದು ಅವರ ಕಾಗದ ಬಂದಾಗ ದುಡ್ಡೂ ಕೂಡಿತ್ತು. ಸಿಕ್ಕ ವಿಮಾನ ಮಾತ್ರ ಅಮಾವಾಸ್ಯೆಯ ದಿನದ್ದು. ಅಮಾವಾಸ್ಯೆಗೆ ಪ್ರಯಾಣ ಹೊರಡುವ ರೂಢಿ ಇವರ ಮನೆಯಲ್ಲಿಲ್ಲ. ಬೇಡ, ಇನ್ನೊಂದು ದಿನ ನೋಡೋಣ ಎಂದವರು ಪಾರ್ವತೆಮ್ಮನೇ. ಮತ್ತೊಂದು ಸೀಟು ಸಿಗುವಷ್ಟರಲ್ಲಿ ಗಡುವು ಮುಗಿಯಿತು. ಹೊಸ ಕಾಗದ ಬರುವ ಹೊತ್ತಿಗೆ, ಊರಲ್ಲಿ ಮಗನ ದಾರಿ ಕಾಯುತ್ತಿದ್ದ ತಾಯಿ ತೀರಿಕೊಂಡಿದ್ದರು.

"ಅವ್ವನ ಮಣ್ಣಿಗೂ ಬರಲಿಲ್ಲ ಅವ. ನಾನ ತಪ್ಪಿಸಿದೆ" ಎನ್ನುತ್ತಾರೆ ಪಾರ್ವತೆಮ್ಮ. ಹುಸೇನಪ್ಪ ಮುಂದಿನ ರೊಟ್ಟಿ ಜೋಡಿಸುತ್ತಾರೆ. ಅಕ್ಕನನ್ನು ಅವರು ಒಂದು ದಿನವೂ ಬೈದವರಲ್ಲ. ಬಂದ ಮರುದಿನದಿಂದ ಬುಟ್ಟಿಗೆ ಬೀಳುವ ಮೊದಲ ಹಿಡಿ ಹಿಟ್ಟು ಅವರದು.

ಇವತ್ತು ಓಣಿಯ ಬಂಡೆಮ್ಮ ಹಿಟ್ಟು ಸುರಿದರೂ ಹೋಗದೆ ನಿಂತಿದ್ದಾರೆ. ಅವರ ಗಂಡ ಮಲ್ಲಣ್ಣ ಗಲ್ಫಿನ ಬಂಧನ ಕೇಂದ್ರದಲ್ಲಿದ್ದಾರೆ. ಕಾಗದ ಕೈಗೆ ಬಂದಿದೆ, ಗಡುವು ಹತ್ತಿರ ಬಂದಿದೆ.

"ಯಕ್ಕಾ, ಗಡುವಿನೊಳಗ ಅಮಾಸಿ ದಿನದ್ದ ಒಂದ ವಿಮಾನ ಐತಂತ. ನಮ್ಮತ್ತಿ ಬ್ಯಾಡ ಅನ್ನಾಕತ್ತಾಳ."

ಬಡಿಯುತ್ತಿದ್ದ ಕೈ ನಿಲ್ಲುತ್ತದೆ. ಪಾರ್ವತೆಮ್ಮ ತಮ್ಮನ ಮುಖ ನೋಡುತ್ತಾರೆ. ಉತ್ತರ ಕೊಡುವವರು ಹುಸೇನಪ್ಪ.

"ಒಳಗ ಕುಂತಾವಗ ಹುಣ್ಣಿವಿನೂ ಇಲ್ಲ, ಅಮಾಸಿನೂ ಇಲ್ಲ. ತಗಸು ಟಿಕೀಟ."

ಪಾರ್ವತೆಮ್ಮ ರೊಟ್ಟಿಯನ್ನು ಹಂಚಿಗೆ ಹಾಕುತ್ತಾರೆ. ಬಂಡೆಮ್ಮನ ಕಡೆ ತಿರುಗುತ್ತಾರೆ.

"ಅಮಾಸಿ ದೋಷ ಪಾರ್ವತಿಗಿರಲಿ ಅನ್ನು ನಿಮ್ಮತ್ತಿಗೆ. ಮೊದಲ ಮಗನ ಮಾರಿ ನೋಡ್ಲಿ. ಆಮ್ಯಾಗ ಬೇಕಾದ್ರ ಬಂದು ನನ್ನ ಬೈಲಿ."