ಶಮೀಮ್ ಅಕ್ಕೋರಿಗೆ ಅವ್ವ ಕೇಳಿದ ಪ್ರಶ್ನೆ

ಜೂನ್ ಬಂತೆಂದರೆ ನಮ್ಮ ಹೈಸ್ಕೂಲಿನ ಕರಿಹಲಗೆಗಳಿಗೆ ಹೊಸ ಬಣ್ಣ ಬಳಿಸುತ್ತೇನೆ. ಹಸಿ ಬಣ್ಣದ ಆ ಕಟು ವಾಸನೆ ಮುಖ್ಯ ಶಿಕ್ಷಕಿಯಾದ ನನ್ನ ಕೋಣೆಯವರೆಗೂ ಬಂದು ಕೂರುತ್ತದೆ. ಈ ಸಲವೂ ಬಂತು. ಹಲಗೆ ಸಿದ್ಧವಾಗಿತ್ತು, ಅದರ ಮುಂದೆ ನಿಲ್ಲಬೇಕಾದ ಗಣಿತ ಶಿಕ್ಷಕರು ಮಾತ್ರ ಇರಲಿಲ್ಲ. ಬರುತ್ತೇನೆಂದು ಒಪ್ಪಿದ್ದ ಅತಿಥಿ ಶಿಕ್ಷಕಿ ಹಿಂದಿನ ದಿನ ಫೋನು ಮಾಡಿ, “ಬ್ಯಾರೆ ಕಡೆ ಆತ್ರಿ ಮೇಡಂ” ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಮೇಲಿನವರಿಗೆ ಬರೆದ ಪತ್ರಕ್ಕೆ, ಇರುವವರಲ್ಲೇ ಹೊಂದಿಸಿಕೊಳ್ಳಿ ಎಂಬ ಉತ್ತರ ಬಂದಿತ್ತು. ಇರುವವರೆಂದರೆ ಹಿಂದಿ ಕಲಿಸುವವರು, ಡ್ರಿಲ್ ಮಾಸ್ತರರು ಮತ್ತು ಒಂದು ಕಾಲಕ್ಕೆ ಗಣಿತ ಕಲಿಸುತ್ತಿದ್ದ ನಾನು. ಕಾಗದವನ್ನು ಮೇಜಿನ ಮೇಲೆ ಎಸೆದೆ. ಹಾಗೆ ಎಸೆದದ್ದು ಥೇಟ್ ಅಪ್ಪನಂತೆಯೇ ಇತ್ತು. ಆ ವಾಸನೆಯಲ್ಲಿ ಕುಳಿತವಳಿಗೆ ಹಳೆಯ ಬಾಗಲಕೋಟೆಯ ನಮ್ಮ ಮನೆ ಎದ್ದು ಬಂತು.

ನವನಗರದ ನೆಟ್ಟಗಿನ ರಸ್ತೆಗಳಲ್ಲಿ ಬೆಳೆದವರಿಗೆ ಆ ಮನೆಯನ್ನು ಹೇಗೆ ಹೇಳಲಿ? ತಲೆ ಬಗ್ಗಿಸಿ ಒಳಗೆ ಬರಬೇಕಾದ ಬಾಗಿಲು, ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಪಡಸಾಲೆಯ ಕಲ್ಲುಹಾಸು, ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ತೇಲುವ ಜೋಳದ ಹಿಟ್ಟಿನ ಧೂಳು, ಅವ್ವ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳುತ್ತಲೇ ಊರಿನ ಅರ್ಧ ಹೈಸ್ಕೂಲು ಊಟಕ್ಕೆ ಬರುತ್ತಿತ್ತು ಎಂದರೂ ಸುಳ್ಳಲ್ಲ. ಅಪ್ಪ ಅಲ್ಲಿನ ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ತರ. ಹೊಸದಾಗಿ ಬಂದ ಶಿಕ್ಷಕರಿಗೆ ರೂಮು ಸಿಗುವ ತನಕ ನಮ್ಮ ಪಡಸಾಲೆಯೇ ವಸತಿ. ಅವರು ಉಂಡು, ಮಲಗಿ, ವರ್ಷ ತುಂಬುವುದರೊಳಗೆ ಬೇರೆ ಕಡೆ ಕೆಲಸ ಹಿಡಿದು ಹೋಗಿಬಿಡುತ್ತಿದ್ದರು. “ಇದು ಸಾಲಿ ಅಲ್ಲ, ಬಸ್‌ ಸ್ಟ್ಯಾಂಡ್” ಎಂದು ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಎಸೆಯುತ್ತಿದ್ದ. ಅದು ಗೂಟಕ್ಕೆ ಬಿದ್ದದ್ದನ್ನು ನಾನು ನೋಡಲೇ ಇಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ಇಳಕಲ್ಲಿನಿಂದ ಗಣಿತದ ಶಿಕ್ಷಕಿಯಾಗಿ ಶಮೀಮ್ ಅಕ್ಕೋರು ಬಂದು ನಮ್ಮ ಪಡಸಾಲೆಯಲ್ಲೇ ಉಳಿದರು. ತಂದೆ ಸೀರೆಯ ನೂಲಿಗೆ ಬಣ್ಣ ಹಾಕುವವರು, ಮಗಳು ಗಣಿತದಲ್ಲಿ ಕಾಲೇಜಿಗೇ ಮೊದಲಿಗಳು. ಲೆಕ್ಕ ಅವರ ಬೆರಳ ತುದಿಯಲ್ಲಿತ್ತು, ದನಿ ಮಾತ್ರ ಗಂಟಲು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಮಕ್ಕಳಿಗೆ ಬೆನ್ನು ಮಾಡಿ ಹಲಗೆ ತುಂಬ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಹಿಂದಿನ ಬೆಂಚಿನವರು ತಾಳ ಹಾಕತೊಡಗಿದರು. ಅಪ್ಪ ಅವರನ್ನು ಹತ್ತು ದಿನದ ತರಬೇತಿಗೆ ಕಳಿಸಿದ. ತಿರುಗಿ ಬಂದಾಗ ಕೈಯಲ್ಲೊಂದು ಚೀಲ, ಒಂದು ಪ್ರಮಾಣಪತ್ರ ಇದ್ದವು.

“ಏನ್ ಕಲಿಸಿದರ್‍ವಾ?” ಎಂದು ಅಪ್ಪ ಆಸೆಯಿಂದ ಕೇಳಿದ.

“ಮಕ್ಕಳನ್ನ ಮಾತಾಡಸಬೇಕು ಅಂತ ಕಲಿಸಿದರ್‍ರಿ ಸರ್. ಹತ್ತೂ ದಿನ ನಮ್ಮನ್ನ ಮಾತಾಡಾಕ ಬಿಡಲಿಲ್ರಿ. ಬರಕೋರಿ, ಬರಕೋರಿ ಅಂದ್ರು.”

ಮರುವಾರ ಶಾಲೆಯಲ್ಲಿ ಯಾರೋ ಅವರ ದನಿಯನ್ನೇ ಅಣಕಿಸಿದರು. ಶಮೀಮ್ ಅಕ್ಕೋರು ಪಾಠ ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಟ್ರಂಕು ಕಟ್ಟಿದರು. ಇಳಕಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಅಳುತ್ತಿದ್ದವರ ಮುಂದೆ ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿಕೊಂಡವಳು ನನ್ನ ಅವ್ವ. ಸಮಾಧಾನದ ಮಾತು ಆಡಲಿಲ್ಲ.

“ಬಸ್ ಬರೂಮಟ ನನಗೊಂದು ಹೇಳ್ರಿ,” ಎಂದಳು. “ನನ್ನ ಮಗಳು ದಿನಾ ಒದರತಾಳ, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಅಂತ. ಅದ್ಹೆಂಗ ಆಗತೈತಿ?”

“ಅದು ನಿಯಮರಿ ಅಮ್ಮಾರ.”

“ಯಾರ ನಿಯಮ? ನನಗ ತಿಳೀಲಿಲ್ಲಲ್ಲ.”

ಅಕ್ಕೋರು ಇನ್ನೊಮ್ಮೆ ಹೇಳಿದರು. ಅವ್ವ ಇನ್ನೊಮ್ಮೆ ತಿಳೀಲಿಲ್ಲ ಎಂದಳು. ಬಸ್ಸಿನ ಹೊತ್ತು ಮೀರಿತು. ಮರುದಿನ ಸಂಜೆ ಅಕ್ಕೋರು ಅವ್ವನನ್ನು ಹಿತ್ತಲಿಗೆ ಕರೆದು, ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದರು. “ಬಾಗಲದ ಕಡೆ ಹೋದ್ರ ಪ್ಲಸ್. ಈಗ ಹಿಂದಕ್ಕ ಮುಖ ತಿರುಗಿಸ್ರಿ, ಅದೊಂದು ಮೈನಸ್. ಹಂಗ ನಿಂತು ಹಿಂದ್ಹಿಂದಕ ನಡೀರಿ, ಅದು ಎರಡನೇ ಮೈನಸ್.” ಅವ್ವ ಸೆರಗು ಸಿಕ್ಕಿಸಿಕೊಂಡು ಮೂರು ಹೆಜ್ಜೆ ಹಿಂದೆ ಹಿಂದೆ ನಡೆದಳು. ಬೆನ್ನಿಗೆ ಬಾಗಿಲು ತಾಗಿತು. “ಅಯ್ಯ, ಬಾಗಲಕ್ಕ ಬಂದ್ನೆಲ್ಲ!” ಎಂದು ಕೂಗಿದವಳ ಮುಖದಲ್ಲಿದ್ದ ಹಿಗ್ಗನ್ನು ನಾನು ಮತ್ತೆ ಯಾವ ತರಬೇತಿಯಲ್ಲೂ ಕಂಡಿಲ್ಲ. ಅಕ್ಕೋರು ನಕ್ಕರು. ಅವರ ನಗು ಅಷ್ಟು ದೊಡ್ಡದೆಂದು ನಮಗೆ ಆಗಲೇ ಗೊತ್ತಾದದ್ದು.

ಆ ವಾರ ಒಂಬತ್ತನೆಯ ಇಯತ್ತೆಯ ಮಕ್ಕಳೆಲ್ಲ ವರ್ಗದೊಳಗೆ ಹಿಂದೆ ಹಿಂದೆ ನಡೆದರು. ಸರಿಯಾಗಿ ಅದೇ ಹೊತ್ತಿಗೆ ಆಡಳಿತ ಮಂಡಳಿಯ ಕಾರ್ಯದರ್ಶಿ ಕಿಟಕಿಯ ಹತ್ತಿರ ಹಾದುಹೋಗಬೇಕೇ! ಸಂಜೆ ನಮ್ಮ ಪಡಸಾಲೆಗೇ ಬಂದು ಕುಳಿತರು. “ಏನ್ರಿ ಹೆಡ್‌ಮಾಸ್ತರ, ಹೆಣ್ಮಗಳು ಗಣಿತ ಹೇಳತಾಳೋ ಕುಣಸತಾಳೋ? ಬಿಡಸ್ರಿ. ನಮ್ಮ ತಮ್ಮನ ಅಳಿಯ ಅದಾನ.”

“ಒಂದು ಪಿರಿಯಡ್ ಒಳಗ ಕುಂತು ನೋಡ್ರಿ, ಆಮ್ಯಾಲ ಹೇಳ್ರಿ,” ಎಂದ ಅಪ್ಪ.

“ನನಗ ಅಷ್ಟು ವ್ಯಾಳ್ಯಾ ಎಲ್ಲೈತ್ರಿ?”

“ಹಂಗಾರ ಬಿಡಸಾಕೂ ವ್ಯಾಳ್ಯಾ ಇಲ್ಲ ಅಂತ ತಿಳಕೋರಿ. ಆಕಿನ್ನ ಕಳಿಸೋದಾದ್ರ ಮೊದಲ ನನ್ನ ರಾಜೀನಾಮೆ ತಗೋರಿ.”

ಮಂಡಳಿ ವಾರ್ಷಿಕ ಪರೀಕ್ಷೆಯ ತನಕ ಗಡುವು ಕೊಟ್ಟಿತು. ಅಪ್ಪ ದಿನಕ್ಕೊಂದು ಪಿರಿಯಡ್ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕುಳಿತ. ದನಿ ಕೇಳದಿದ್ದರೆ ಸುಮ್ಮನೆ ಕೈ ಎತ್ತುತ್ತಿದ್ದ. ಸಂಜೆ ಅವ್ವ ಪಾಟಿ ಬಳಪ ಹಿಡಿದು ಮರುದಿನದ ಪಾಠವನ್ನು ಮೊದಲು ತಾನು ಕಲಿಯುತ್ತಿದ್ದಳು. ಅವಳಿಗೆ ತಿಳಿಯದ್ದು ವರ್ಗಕ್ಕೆ ಹೋಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಆ ವರ್ಗದವರು ಗಣಿತದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಕಾರ್ಯದರ್ಶಿ ಅಳಿಯನ ಸುದ್ದಿ ಎತ್ತಲಿಲ್ಲ.

ಮೂರನೆಯ ಜೂನಿನಲ್ಲಿ ಶಮೀಮ್ ಅಕ್ಕೋರಿಗೆ ಬಾದಾಮಿ ಕಡೆಯ ಸರಕಾರಿ ಹೈಸ್ಕೂಲಿಗೆ ನೇಮಕದ ಆದೇಶ ಬಂತು. ಅಪ್ಪ ಮನೆಯೆಲ್ಲ ಅದುರುವಂತೆ ಕೂಗಾಡಿದ. “ತಿದ್ದಿ ತಯಾರ ಮಾಡೋರು ನಾವು, ಒಯ್ಯೋರು ಅವರು!” ಅವ್ವ ರೊಟ್ಟಿ ಮಗುಚುತ್ತಲೇ, “ಅರ್ಜಿ ತುಂಬಿ ಪೋಸ್ಟಿಗೆ ಹಾಕಿದವರು ಯಾರು? ನೀವ ಅಲ್ಲೇನು?” ಎಂದಳು. ಅಪ್ಪ ಅಕ್ಕೋರನ್ನು ಬಸ್ಸಿಗೆ ಕಳಿಸಲು ಟ್ರಂಕನ್ನು ತಾನೇ ಹೊತ್ತು ನಡೆದ. ಕಾರ್ಯದರ್ಶಿಯ ತಮ್ಮನ ಅಳಿಯ ಆ ವರ್ಷ ಬಂದ, ಮರುವರ್ಷ ಹೋದ.

ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು. ಓಣಿ, ಶಾಲೆ, ಆ ಹಿತ್ತಲು ಎಲ್ಲ ನೀರಿನ ಕೆಳಗೆ ಉಳಿದವು. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಮನೆಯಲ್ಲಿ ಅಡುಗೆಮನೆಗೆ ಹೊಸ್ತಿಲೇ ಇಲ್ಲ, ಹಾಗಾಗಿ ಯಾರೂ ಅಲ್ಲಿ ಕುಳಿತು ಅಳಲಿಲ್ಲ. ಅವ್ವ ಮತ್ತೆ ಪಾಟಿ ಹಿಡಿಯಲಿಲ್ಲ. ನಾನು ಬಿ.ಎಡ್. ಮುಗಿಸಿ ಗಣಿತ ಶಿಕ್ಷಕಿಯಾದ ಹೊಸದರಲ್ಲಿ, ಮೆಂತ್ಯದ ಸೊಪ್ಪು ಸೋಸುತ್ತಿದ್ದವಳ ಹತ್ತಿರ ಕುಳಿತು, “ಉಳಿದ ಲೆಕ್ಕ ನಾ ಕಲಿಸ್ತೇನಿ ಬಾ ಅವ್ವಾ” ಎಂದೆ.

“ನೀ ಬ್ಯಾಡವ್ವಾ,” ಎಂದಳು ತಲೆ ಎತ್ತದೆ. “ಎರಡನೇ ಸಲ ಕೇಳಿದ್ರ ನಿನಗ ಸಿಟ್ಟು ಬರತೈತಿ. ಆಕಿಗೆ ಬರತಿದ್ದಿಲ್ಲ.”

ಆ ಮಾತಿಗೇ ನನಗೆ ಸಿಟ್ಟು ಬಂತು. ಎದ್ದು ಒಳಗೆ ಹೋದೆ. ಅಪ್ಪ ಹೋಗಿ, ಅವನ ಹಿಂದೆ ಅವ್ವನೂ ಹೋಗಿ ಈಗ ಎಷ್ಟೋ ವರ್ಷಗಳಾದವು. ಮನೆಯಲ್ಲಿ ನನ್ನನ್ನು ಎರಡನೇ ಸಲ ಕೇಳುವವರು ಯಾರೂ ಇಲ್ಲ. ಆ ಹೊಸ ಬಣ್ಣದ ಹಲಗೆಯ ಮುಂದೆ ನಾನೇ ಹೋಗಿ ನಿಂತರೆ ಕೇಳುವ ಮಕ್ಕಳಿದ್ದಾರೆ.