ಬಾವರ್ಚಿ ದಸ್ತಗೀರ್‌ಸಾಬನ ಕಣ್ಣು

ಮಸ್ಕಿಯ ಬಾವರ್ಚಿ ದಸ್ತಗೀರ್‌ಸಾಬನ ಹೆಸರು ಸಿಂಧನೂರು, ಲಿಂಗಸುಗೂರು ಕಡೆಯ ಮದುವೆ ಮನೆಗಳಿಗೆಲ್ಲ ಗೊತ್ತಿತ್ತು. ನಿಕಾಹ್‌ನ ದಿನ ಗೊತ್ತು ಮಾಡುವ ಮೊದಲೇ ಹಿರಿಯರು ಅವನ ಬಾಗಿಲಿಗೆ ಬಂದು, ಬಿಡುವಿದೆಯೇ ಎಂದು ಕೇಳಿಕೊಂಡು ಹೋಗುತ್ತಿದ್ದರು. ಸಾವಿರ ಜನರ ಊಟವಾದರೂ ಅವನು ಉಪ್ಪು ಅಳೆದು ಹಾಕಿದವನಲ್ಲ. ಸೌಟಿನಿಂದ ಒಂದಿಷ್ಟು ಮಾಂಸದ ಸಾರು, ಶೇರ್ವಾ, ಅಂಗೈಗೆ ಸುರಿದುಕೊಂಡು ನೆಕ್ಕಿದರೆ ಮುಗಿಯಿತು.

ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅವನ ಕಣ್ಣೆದುರು, ನಟ್ಟನಡುವೆ, ಒಂದು ಮಸುಕು ಬಂದು ಕೂತಿತು. ಒಲೆಯ ಹೊಗೆಯಿಂದ ಇರಬೇಕೆಂದು ತಣ್ಣೀರಲ್ಲಿ ತೊಳೆದ. ಹೋಗಲಿಲ್ಲ. ಉಳ್ಳಾಗಡ್ಡಿ ಕೆಂಪಾಯಿತೋ ಕಪ್ಪಾಯಿತೋ ತಿಳಿಯಲು ಮುಖ ಓರೆ ಮಾಡಿ ನೋಡಬೇಕಾಯಿತು. ಕಣ್ಣು ಕಾಣದ ಬಾವರ್ಚಿಯನ್ನು ಯಾರು ಕರೆದಾರು? ಹೆಂಡತಿ ರಮಜಾನಬಿಗೂ ಹೇಳಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಒಲೆ ಕಾಯ್ದ ಅಲ್ಲಾಭಕ್ಷ್‌ನಿಗಂತೂ ಸುಳಿವೇ ಕೊಡಲಿಲ್ಲ.

ಎರಡು ವರ್ಷ ಹಾಗೇ ದೂಡಿದ. ಸಾಲಗುಂದದ ಒಂದು ಮದುವೆಯಲ್ಲಿ ಕಾದ ತುಪ್ಪವನ್ನು ಹಂಡೆಗೆ ಸುರಿಯುತ್ತಿದ್ದಾಗ ಅಂಚು ತಪ್ಪಿ, ತುಪ್ಪ ಅವನ ಬಲಗಾಲ ಮೇಲೆ ಬಿತ್ತು. ಅವನು ಸುರಿಯುತ್ತಲೇ ಇದ್ದ. ಅಲ್ಲಾಭಕ್ಷ್ ಓಡಿಬಂದು ರಟ್ಟೆ ಹಿಡಿದು ಎಳೆದ.

"ಭಾಯಿ, ಕಾಲು ಸುಟ್ಟೈತಿ. ನಿನಗ ಗೊತ್ತಾಗವಲ್ದೇನು?"

ದಸ್ತಗೀರ್‌ಸಾಬ್ ಬಗ್ಗಿ ಮುಟ್ಟಿದ. ಚರ್ಮ ಕೈಗೆ ಬಂತು. ಸುಟ್ಟದ್ದಕ್ಕಿಂತ, ಉರಿಯದೇ ಇದ್ದದ್ದೇ ಅವನನ್ನು ಹೆದರಿಸಿತು.

ಗಾಯ ಮಾಯದಿದ್ದಾಗ ರಮಜಾನಬಿ ಹಟ ಹಿಡಿದು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ದಳು. ಮೂತ್ರ ಪರೀಕ್ಷೆ ಮಾಡಿದ ಡಾಕ್ಟರು, ಇದು ಬಹಳ ವರ್ಷದ ಸಕ್ಕರೆ ಕಾಯಿಲೆ ಎಂದರು. ಕಣ್ಣಿನ ವಿಷಯ ಆಗಲೇ ಹೆಂಡತಿಯ ಮುಂದೆ ಹೊರಬಿತ್ತು. ಹನಿ ಹಾಕಿ, ಸಣ್ಣ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಕಣ್ಣಿನ ಹಿಂದಿನ ಪರದೆಯ ಮೇಲೆ ಹಳದಿ ಚುಕ್ಕೆಗಳು ಗುಂಪುಗಟ್ಟಿದ್ದವಂತೆ. ಮರುದಿನ ಒಂದು ಗಾಜಿನ ಕೊಳವೆ ತೋರಿಸಿದರು. ಹಿಂದಿನ ದಿನ ತೆಗೆದ ಅವನದೇ ರಕ್ತ ಕೆಳಗೆ ಕಪ್ಪಗೆ ಇಳಿದಿತ್ತು. ಮೇಲೆ ಹಾಲಿನಂಥ ಬಿಳುಪು. ತಣ್ಣಗಾದ ಶೇರ್ವಾದ ಮೇಲೆ ಏನು ಕಟ್ಟುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದ ಕಣ್ಣಿಗೆ ಇಳದೈತೇನ್ರಿ?" ಎಂದು ಕೇಳಿದ.

"ಕಣ್ಣಾಗಿನ ಸಣ್ಣ ರಕ್ತನಾಳ ಸೋರಾಕತ್ತಾವ. ರಕ್ತದಾಗ ಇಷ್ಟು ಕೊಬ್ಬಿದ್ದವರಿಗೆ ಆ ಚುಕ್ಕಿ ಜಾಸ್ತಿ ಕಾಣ್ತಾವ. ಅದರಿಂದನ ಅಂತ ಖಾತ್ರಿ ಹೇಳಾಕ ನನಗೂ ಬರಂಗಿಲ್ಲ. ಆದ್ರ ತುಪ್ಪ, ಕೊಬ್ಬು ಬಿಡ್ರಿ. ದಿನಾ ಸೂಜಿ ತಗೋರಿ."

ಹೋದ ಕಣ್ಣು ಬರುತ್ತದೆಯೇ ಎಂದಾಗ, ಇದ್ದಷ್ಟು ಉಳಿಸಿಕೊಳ್ಳೋಣ ಎಂದರು.

ರಮಜಾನಬಿ ಸೂಜಿ ಕುದಿಸಿ ಚುಚ್ಚುವುದನ್ನು ಕಲಿತಳು. ಮನೆಯಲ್ಲಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಆದರೆ ಒಲೆಯ ಮುಂದೆ ನಿಂತರೆ ತುಪ್ಪ ನಾಲಿಗೆಗೆ ಹತ್ತಲೇಬೇಕು, ಒಲೆ ಬಿಟ್ಟರೆ ಅವನು ಯಾರೂ ಅಲ್ಲ. ಕೊನೆಗೆ ರುಚಿ ನೋಡಿ ಉಗುಳಲು ಶುರುಮಾಡಿದ. ಲಿಂಗಸುಗೂರಿನ ಮದುವೆಯೊಂದರಲ್ಲಿ ವರನ ಸೋದರಮಾವ ಇಸ್ಮಾಯಿಲ್‌ಸಾಬ್ ಅದನ್ನು ಕಂಡ. ತಾನು ಮಾಡಿದ ಅನ್ನವನ್ನು ಬಾವರ್ಚಿಯೇ ಉಗುಳುತ್ತಾನೆಂಬ ಸುದ್ದಿ ಊಟಕ್ಕಿಂತ ಮೊದಲೇ ಚಪ್ಪರ ಸುತ್ತಿತು. ಯಾಕೆಂದು ಎಲ್ಲರೆದುರು ಕೇಳಿದರು. ನಿಜ ಹೇಳಿದರೆ ಕಣ್ಣಿನ ಮಾತೂ ಹೇಳಬೇಕು. ದಸ್ತಗೀರ್‌ಸಾಬ್ ಸೌಟನ್ನು ಮತ್ತೆ ಹಂಡೆಗೆ ಇಳಿಸಿದ. ಅಂದಿನಿಂದ ಜನ ಅಲ್ಲಾಭಕ್ಷ್‌ನ ಬಾಗಿಲಿಗೆ ಹೋದರು.

ಐವತ್ತಾರರಲ್ಲಿ ಮತ್ತೆ ರಾಯಚೂರಿಗೆ ಹೋದಾಗ ರಕ್ತ ತಿಳಿಯಾಗಿತ್ತು. ಹಳದಿ ಚುಕ್ಕೆಗಳಲ್ಲಿ ಕೆಲವು ಕರಗಿವೆ ಎಂದು ಡಾಕ್ಟರು ಸಂತೋಷಪಟ್ಟರು. ಅವನ ಪಾಲಿಗೆ ನಡುವಿನ ಮಸುಕು ಹಾಗೇ ಇತ್ತು. ರಮಜಾನಬಿಯ ಮುಖ ಕಾಣಬೇಕೆಂದರೆ ಪಕ್ಕದ ಗೋಡೆಯನ್ನು ನೋಡಬೇಕಿತ್ತು.

ಆ ವರ್ಷ ಸಿಂಧನೂರಿನ ಒಂದು ಮದುವೆಗೆ ಅವನನ್ನು ಉಣ್ಣಲು ಕರೆದರು. ಪಂಕ್ತಿಯಲ್ಲಿ ಕೂತಿದ್ದಾಗ ಅನ್ನ ತಳ ಹಿಡಿಯುವ ವಾಸನೆ ಬಂತು. ಅರ್ಧ ಎದ್ದ. ಒಲೆ ಯಾವ ಕಡೆಗಿದೆಯೋ ತಿಳಿಯಲಿಲ್ಲ. ಸುತ್ತಲೂ ಜನರ ಮೊಣಕಾಲು.

"ಉರಿ ತಗಿಯಾಕ ಹೇಳ್ರಿ. ತಳ ಹತ್ತಾಕತ್ತೈತಿ," ಎಂದ ಪಕ್ಕದವನಿಗೆ.

"ಅದನ್ನ ಅವರು ನೋಡ್ಕೋತಾರ. ನೀವು ಕೂಡ್ರಿ ಚಾಚಾ," ಎಂದು ಆತ ಹೆಗಲು ಒತ್ತಿದ.

ದಸ್ತಗೀರ್‌ಸಾಬ್ ಕೂತ. ಹೆಂಡತಿ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟನ್ನು ತಡಕಾಡಿ ಬಿಚ್ಚತೊಡಗಿದ.